ಕೊನೆಗೆ ಕೊಳ್ಳಬೇಕಾದ ಪುಡಿ

ಹಾಲು ಹೆಚ್ಚಿಸುವ ಪುಡಿಗಳ ಸಾಲಿಗೆ ಈಗ ಮೆಥಿಯೊನಿನ್, ಲೈಸಿನ್ ಎಂಬ ಅಮೈನೊ ಆಮ್ಲಗಳೂ ಸೇರಿವೆ. ಇದು ಮೋಸದ ಸರಕಲ್ಲ. ಹಾಲಿನ ಪ್ರೋಟೀನ್ ಕಟ್ಟುವಾಗ ಸಾಮಾನ್ಯವಾಗಿ ಮೊದಲು ಕೊರತೆ ಬೀಳುವುದು ಇವೆರಡೇ. ಮುಸುಕಿನ ಜೋಳದಲ್ಲಿ ಲೈಸಿನ್ ಕಡಿಮೆ, ಕಡಲೆಕಾಯಿ ಹಿಂಡಿಯಲ್ಲಿ ಎರಡೂ ಕಡಿಮೆ. ಆದರೂ ದಿನಕ್ಕೆ ಹತ್ತು ಲೀಟರ್ ಕರೆಯುವ ಮಿಶ್ರತಳಿ ಹಸುವಿಗೆ ಇದು ಮೊದಲ ಖರ್ಚಾಗಬಾರದು ಎನ್ನುತ್ತೇನೆ. ಹಸು ತಿಂದ ಪ್ರೋಟೀನಿನ ದೊಡ್ಡ ಪಾಲನ್ನು ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಒಡೆದು ತಮ್ಮ ಮೈಗೆ ಸೇರಿಸಿಕೊಳ್ಳುತ್ತವೆ. ಮುಂದೆ ಕರುಳಿನಲ್ಲಿ ಅವೇ ಜೀರ್ಣವಾಗಿ ಹಸುವಿನ ಪ್ರೋಟೀನ್ ಅಗತ್ಯದ ಸುಮಾರು ಅರ್ಧದಷ್ಟನ್ನು, ಎಷ್ಟೋ ಸಲ ಅದಕ್ಕೂ ಹೆಚ್ಚನ್ನು, ತುಂಬುತ್ತವೆ. ಅವುಗಳ ಅಮೈನೊ ಆಮ್ಲಗಳ ಹದವೂ ಹಾಲಿನದಕ್ಕೆ ಹತ್ತಿರ. ಅವು ಬೆಳೆಯಲು ಬೇಕಾದದ್ದು ಹಸಿರು ಮೇವು, ಜೋಳದ ನುಚ್ಚು, ಸಾಕಷ್ಟು ಹಿಂಡಿ, ಖನಿಜ ಮಿಶ್ರಣ. ರಾಗಿಹುಲ್ಲು, ಬೂಸಗಳಲ್ಲೇ ದಿನ ದೂಡುವ ಹಸುವಿಗೆ ಕೊರತೆಯಿರುವುದು ಶಕ್ತಿಯದು. ಅದನ್ನು ತುಂಬದೆ ಮೆಥಿಯೊನಿನ್ ಕೊಟ್ಟರೆ ಹಾಲು ಏರುವುದಿಲ್ಲ.

ಇನ್ನು ಬಟವಾಡೆಯ ಲೆಕ್ಕ. ಹಾಲಿನ ಪ್ರೋಟೀನ್ ಶೇ 3.2ರಿಂದ 3.3ಕ್ಕೆ ಏರಿತೆನ್ನಿ, ಹತ್ತು ಲೀಟರಿನಲ್ಲಿ ಹೆಚ್ಚಾದದ್ದು ಸುಮಾರು 10 ಗ್ರಾಂ. ಅಮೆರಿಕದ ಬಹುಪಾಲು ಹಾಲಿಗೆ ಪ್ರೋಟೀನನ್ನೇ ತೂಗಿ ದರ ಕಟ್ಟುತ್ತಾರೆ, ಹಾಗಾಗಿ ಅಲ್ಲಿ ಈ ಖರ್ಚು ಗಿಟ್ಟುತ್ತದೆ. ನಮ್ಮ ಡೇರಿಗಳು ನೋಡುವುದು ಕೊಬ್ಬು ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ). ರಾಜ್ಯ ಸರ್ಕಾರದ ಪ್ರೋತ್ಸಾಹಧನ ಬರುವುದು ಲೀಟರ್ ಲೆಕ್ಕದಲ್ಲಿ. ಆ 10 ಗ್ರಾಂ ಎಸ್‌ಎನ್‌ಎಫ್‌ನೊಳಗೆ ಕರಗಿಹೋಗುತ್ತದೆ.

ಅಮೈನೊ ಆಮ್ಲ ಕೊಟ್ಟರೆ ದುಬಾರಿ ಹಿಂಡಿ ಕಡಿತಗೊಳಿಸಬಹುದಲ್ಲ ಎಂಬುದು ಗಟ್ಟಿ ಆಕ್ಷೇಪ. ಮೇವಿನ ಪರೀಕ್ಷೆ ಮಾಡಿಸಿ ದಿನದ ಆಹಾರದ ಲೆಕ್ಕ ಹಾಕುವ ಫಾರ್ಮಿನಲ್ಲಿ ಅದು ನಿಜ. ಹಿಂಡಿಯನ್ನು ಬೊಗಸೆಯಲ್ಲಿ ಅಳೆಯುವ ಕೊಟ್ಟಿಗೆಯಲ್ಲಿ ಎಷ್ಟು ಕಡಿತ ಮಾಡಬೇಕೆಂದೇ ತಿಳಿಯದು. ಕೋಳಿ ಆಹಾರದ ಅಗ್ಗದ ಮೆಥಿಯೊನಿನ್ ಸಾಲದೇ ಎನ್ನುವವರಿದ್ದಾರೆ. ಹೊದಿಕೆಯಿಲ್ಲದ ಆ ಪುಡಿಯ ಬಹುಭಾಗವನ್ನು ಮೊದಲ ಹೊಟ್ಟೆಯ ಜೀವಿಗಳೇ ಒಡೆದುಬಿಡುತ್ತವೆ. ಕರು ಹಾಕುವುದಕ್ಕೆ ಮುಂಚಿನ ಮತ್ತು ನಂತರದ ಕೆಲವು ವಾರ ಮೆಥಿಯೊನಿನ್ ಯಕೃತ್ತಿಗೆ ನೆರವಾಗುತ್ತದೆಂಬ ವಾದವನ್ನು ಮಾತ್ರ ಒಪ್ಪುತ್ತೇನೆ. ಇಪ್ಪತ್ತೈದು ಲೀಟರ್ ದಾಟುವ, ಹೊಟ್ಟೆ ತುಂಬ ಒಳ್ಳೆಯ ಮೇವು ಸಿಗುವ ಹಸುವಿಗೆ, ಮೊದಲ ಹೊಟ್ಟೆಯಲ್ಲಿ ಒಡೆಯದಂತೆ ಹೊದಿಕೆ ಹಾಕಿದ ಪುಡಿ ಕೊಟ್ಟು ನೋಡಿ. ಒಂದು ತಿಂಗಳ ಬಟವಾಡೆಯಲ್ಲಿ ಹೆಚ್ಚಾದ ಹಣ ಪುಡಿಯ ಬೆಲೆಯನ್ನು ದಾಟದಿದ್ದರೆ ನಿಲ್ಲಿಸಿ. ಆ ದುಡ್ಡಿಗೆ ಕುದುರೆಮಸಾಲೆಯ ಬೀಜ ತನ್ನಿ.