ಆಟಿಕೆಯಂತೆ ಕಾಣುವ ಅಳತೆಗೋಲುಗಳು: ಭತ್ತದ ಬೇಸಾಯಕ್ಕೆ ನಾಲ್ಕು ಸಣ್ಣ ಸಾಧನಗಳು

ಉಪ್ಪುನೀರಿನಲ್ಲಿ ತೇಲಿಬಿಟ್ಟ ಕೋಳಿಮೊಟ್ಟೆ, ಹಸಿರು ಬಣ್ಣದ ಗೆರೆಗಳುಳ್ಳ ಪ್ಲಾಸ್ಟಿಕ್ ಪಟ್ಟಿ, ಗದ್ದೆಯಲ್ಲಿ ಹೂತ ತೂತು ಕೊಳವೆ, ಕಾಳಿನ ರಾಶಿಗೆ ಚುಚ್ಚಿಟ್ಟ ಇನ್ನೊಂದು ತೂತು ಕೊಳವೆ. ಇವನ್ನು ಮೊದಲ ಸಲ ಕಂಡ ರೈತರು "ಇದೇನು ಮಕ್ಕಳಾಟ?" ಎಂದು ನಗುವುದು ಸಹಜ. ತಲೆತಲಾಂತರದಿಂದ ಭತ್ತ ಬೆಳೆದವರಿಗೆ ಗಟ್ಟಿ ಕಾಳು ಯಾವುದು, ಗೊಬ್ಬರ ಯಾವಾಗ, ನೀರು ಯಾವಾಗ ಎಂಬುದನ್ನು ಒಂದು ಪಟ್ಟಿಯೋ ಕೊಳವೆಯೋ ಹೇಳಿಕೊಡಬೇಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ.

ಇದಕ್ಕೆ ಉತ್ತರ ಸರಳವಾಗಿದೆ. ಅನುಭವಿ ರೈತನ ಕಣ್ಣು ಎರಡು ಗದ್ದೆಗಳನ್ನು ಹೋಲಿಸುವುದರಲ್ಲಿ ಪಳಗಿದೆ. ಆದರೆ ಅದು ಮಣ್ಣಿನೊಳಗಿನ ನೀರನ್ನು ಕಾಣದು, ಚೀಲದ ನಡುವಿನ ಹುಳುವನ್ನು ಕಾಣದು, ಕಳೆದ ವಾರದ ಹಸಿರನ್ನು ಈ ವಾರದ ಹಸಿರಿನೊಡನೆ ತೂಗಿ ನೋಡಲಾರದು. ಈ ನಾಲ್ಕು ಸಾಧನಗಳೂ ಕಣ್ಣಿಗೆ ನಿಲುಕದ್ದನ್ನು ಅಳೆದು ತೋರಿಸುತ್ತವೆ. ಅಷ್ಟೇ ಅವುಗಳ ಕೆಲಸ. ಬೆಲೆ ಅತ್ಯಲ್ಪ, ಆದರೆ ಅಂದಾಜು ತಪ್ಪಿದಾಗ ಆಗುವ ನಷ್ಟ ಅಲ್ಪವಲ್ಲ. ಆದುದರಿಂದ ಬೀಜದಿಂದ ಕಣಜದವರೆಗೆ ಇವುಗಳನ್ನು ಬಳಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಬಿತ್ತನೆಗೆ ಮೊದಲು: ಮೊಟ್ಟೆಯ ಪರೀಕ್ಷೆ

ಭತ್ತದ ಬೀಜವನ್ನು ಬರಿಯ ನೀರಿಗೆ ಹಾಕಿದರೆ ಪೂರ್ತಿ ಜೊಳ್ಳು ಮಾತ್ರ ತೇಲುತ್ತದೆ. ಅರೆತುಂಬಿದ ಕಾಳು ಗಟ್ಟಿ ಕಾಳಿನೊಡನೆ ಮುಳುಗುತ್ತದೆ. ಅದು ಮೊಳೆತರೂ ಸಸಿ ಬಡಕಲಾಗುತ್ತದೆ. ಅರೆಗಾಳನ್ನೂ ತೇಲಿಸಬೇಕಾದರೆ ನೀರು ಹೆಚ್ಚು ಸಾಂದ್ರವಾಗಿರಬೇಕು. ಅದಕ್ಕಾಗಿ ಉಪ್ಪು. ಉಪ್ಪುನೀರಿನಲ್ಲಿ ಬೀಜ ಆರಿಸುವ ಈ ವಿಧಾನವನ್ನು 1880ರ ದಶಕದಲ್ಲಿ ಜಪಾನಿನ ಕೃಷಿ ವಿಜ್ಞಾನಿ ಯೊಕೊಯ್ ಬಳಕೆಗೆ ತಂದರು.

ಎಷ್ಟು ಉಪ್ಪು ಎಂಬುದನ್ನು ತಿಳಿಯಲು ಮೊಟ್ಟೆ ಬೇಕು. ಉಪ್ಪಿನ ತೇವ ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ತೂಕವನ್ನು ಮಾತ್ರ ನಂಬುವಂತಿಲ್ಲ. ಮೊಟ್ಟೆ ಇಲ್ಲಿ ದ್ರವದ ಸಾಂದ್ರತೆ ಅಳೆಯುವ ಮಾಪಕದ ಕೆಲಸ ಮಾಡುತ್ತದೆ.

ವಿಧಾನ: ಬಕೆಟ್ಟಿಗೆ 10 ಲೀಟರು ನೀರು ತುಂಬಿ ಹೊಸ ಮೊಟ್ಟೆಯೊಂದನ್ನು ಬಿಡಬೇಕು. ಅದು ಬುಡ ಸೇರಬೇಕು. ಬರಿಯ ನೀರಿನಲ್ಲಿಯೇ ತೇಲಿದರೆ ಅದು ಹಳೆಯ ಮೊಟ್ಟೆ, ಈ ಕೆಲಸಕ್ಕೆ ಬಾರದು. ಅನಂತರ ಅಡಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕದಡುತ್ತಿರಬೇಕು. ಮೊಟ್ಟೆ ಮೇಲೆದ್ದು, ಅದರ ನೆತ್ತಿ ಹಳೆಯ ನಾಲ್ಕಾಣೆ ನಾಣ್ಯದಷ್ಟು ಅಗಲ ನೀರಿನಿಂದ ಹೊರಗೆ ಕಂಡಾಗ ಉಪ್ಪು ಸಾಕು. ಇದಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಕೆ.ಜಿ. ಉಪ್ಪು ಬೇಕಾಗುತ್ತದೆ. ಮೊಟ್ಟೆಯನ್ನು ತೆಗೆದು, ಬೀಜವನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ಕೈಯಾಡಿಸಿ, ತೇಲಿದ್ದನ್ನೆಲ್ಲ ತೆಗೆಯಬೇಕು. ಮುಳುಗಿದ ಬೀಜವನ್ನು ಕೂಡಲೇ ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು. ಉಪ್ಪು ಉಳಿದರೆ ಮೊಳಕೆ ಕೆಡುತ್ತದೆ. ಅದೇ ನೀರನ್ನು ಮತ್ತೆ ಬಳಸುವಾಗ ಮೊಟ್ಟೆಯನ್ನು ಇನ್ನೊಮ್ಮೆ ಬಿಟ್ಟು ನೋಡಬೇಕು. ಉಳಿದ ಉಪ್ಪುನೀರನ್ನು ಸಸಿಮಡಿಯ ಹತ್ತಿರ ಚೆಲ್ಲಬಾರದು.

ಎಚ್ಚರಿಕೆ: ಈ ಪರೀಕ್ಷೆ ಕಾಳಿನ ತೂಕವನ್ನು ತೋರಿಸುತ್ತದೆ, ಜೀವವನ್ನಲ್ಲ. ಗಟ್ಟಿ ಕಾಳೂ ಸತ್ತಿರಬಹುದು. ಆದುದರಿಂದ 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಬೇಕು. ಪ್ರಮಾಣಿತ ಭತ್ತದ ಬೀಜಕ್ಕೆ ಶೇಕಡ 80ರಷ್ಟಾದರೂ ಮೊಳಕೆ ಇರಬೇಕೆಂಬುದು ನಿಯಮ. ಔಷಧಿ ಲೇಪಿಸಿ ಮಾರುವ ಬೀಜವನ್ನು ಉಪ್ಪುನೀರಿಗೆ ಹಾಕಬಾರದು. ಈ ವಿಧಾನ ಮನೆಯಲ್ಲಿ ಉಳಿಸಿಕೊಂಡ ಬೀಜಕ್ಕೆ ಮಾತ್ರ.

2. ಮೇಲುಗೊಬ್ಬರಕ್ಕೆ ಮೊದಲು: ಎಲೆ ಬಣ್ಣದ ಪಟ್ಟಿ

ಪಕ್ಕದ ಗದ್ದೆಯವರು ಯೂರಿಯ ಎರಚಿದರೆಂದು ನಾವೂ ಎರಚುವುದು ಅನೇಕ ಕಡೆ ರೂಢಿಯಲ್ಲಿದೆ. ಬೆಳೆ ಕಡುಹಸಿರಾದಷ್ಟೂ ಒಳ್ಳೆಯದೆಂಬ ಭಾವನೆಯೂ ಇದೆ. ಆದರೆ ಸಾರಜನಕ ಹೆಚ್ಚಾದ ಪೈರು ಮೆತ್ತಗೆ ಬೆಳೆಯುತ್ತದೆ. ಬೆಂಕಿ ರೋಗ ಮತ್ತು ಕಂದು ಜಿಗಿಹುಳುವಿನ ಬಾಧೆ ಹೆಚ್ಚುತ್ತದೆ. ತೆನೆ ತುಂಬುವ ಹೊತ್ತಿಗೆ ಪೈರು ಮಲಗುತ್ತದೆ. ಹೀಗೆ ಗೊಬ್ಬರಕ್ಕೊಂದು, ಔಷಧಿಗೊಂದು, ಇಳುವರಿಯಲ್ಲೊಂದು ಎಂದು ಮೂರು ಕಡೆ ಹಣ ಹೋಗುತ್ತದೆ.

ಎಲೆಯ ಹಸಿರಿಗೂ ಅದರಲ್ಲಿರುವ ಸಾರಜನಕಕ್ಕೂ ನೇರ ಸಂಬಂಧವಿದೆ. ಇದನ್ನು ಆಧರಿಸಿ ಎಲೆ ಬಣ್ಣದ ಪಟ್ಟಿಯ ಕಲ್ಪನೆ ಮೊದಲು ಜಪಾನಿನಲ್ಲಿ ಮೂಡಿತು. 1990ರ ದಶಕದಲ್ಲಿ ಫಿಲಿಪ್ಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಅದನ್ನು ಏಷ್ಯದ ಸಣ್ಣ ರೈತರ ಬಳಕೆಗೆ ಅಳವಡಿಸಿತು. ತಿಳಿ ಹಳದಿಹಸಿರಿನಿಂದ ಕಡುಹಸಿರಿನವರೆಗೆ ಕ್ರಮಸಂಖ್ಯೆಯಿರುವ ಬಣ್ಣದ ಗೆರೆಗಳು ಪಟ್ಟಿಯ ಮೇಲಿರುತ್ತವೆ. ದುಬಾರಿಯಾದ ಹಸಿರು ಮಾಪಕ ಯಂತ್ರ ಮಾಡುವ ಕೆಲಸವನ್ನು ಇದು ಅಗ್ಗವಾಗಿ, ಸಾಕಷ್ಟು ಸರಿಯಾಗಿ ಮಾಡುತ್ತದೆ.

ವಿಧಾನ:
(ಅ) ನಾಟಿ ಮಾಡಿದ 14 ದಿನಗಳ ನಂತರ ಆರಂಭಿಸಿ, ಹೂ ಬಿಡಲು ತೊಡಗುವವರೆಗೆ 7ರಿಂದ 10 ದಿನಕ್ಕೊಮ್ಮೆ ನೋಡಬೇಕು.
(ಆ) ಬೆಳಿಗ್ಗೆ 8ರಿಂದ 10 ಗಂಟೆಯ ಒಳಗೆ, ಪ್ರತಿ ಸಲವೂ ಒಬ್ಬರೇ ನೋಡುವುದು ಮೇಲು.
(ಇ) ಗದ್ದೆಯ ಬೇರೆ ಬೇರೆ ಕಡೆ ರೋಗವಿಲ್ಲದ 10 ಗುಣಿಗಳನ್ನು ಆರಿಸಿ, ಪೂರ್ತಿ ಬಿಚ್ಚಿಕೊಂಡ ಮೇಲ್ತುದಿಯ ಎಲೆಯ ನಡುಭಾಗವನ್ನು ಪಟ್ಟಿಯ ಮೇಲಿಟ್ಟು ಹೋಲಿಸಬೇಕು. ಎಲೆ ಕೀಳಬಾರದು. ಬಿಸಿಲು ನೇರವಾಗಿ ಬೀಳದಂತೆ ಮೈ ನೆರಳಿನಲ್ಲಿ ನೋಡಬೇಕು.
(ಈ) ಹತ್ತರಲ್ಲಿ ಆರು ಅಥವಾ ಹೆಚ್ಚು ಎಲೆಗಳು ನಿಗದಿತ ಸಂಖ್ಯೆಗಿಂತ ತಿಳಿಯಾಗಿದ್ದರೆ ಮಾತ್ರ ಮೇಲುಗೊಬ್ಬರ ಕೊಡಬೇಕು. ಇಲ್ಲದಿದ್ದರೆ ಮುಂದಿನ ಸರದಿಯವರೆಗೆ ಕಾಯಬೇಕು.

ಆರು ಗೆರೆಗಳ ಪಟ್ಟಿಯಲ್ಲಿ ನಾಟಿ ಮಾಡಿದ ಅಧಿಕ ಇಳುವರಿ ತಳಿಗಳಿಗೆ ಸಾಮಾನ್ಯವಾಗಿ 4, ಸುವಾಸನೆಯ ತಳಿಗಳಿಗೆ ಹಾಗೂ ನೇರ ಬಿತ್ತನೆಯ ಭತ್ತಕ್ಕೆ 3 ನಿಗದಿತ ಸಂಖ್ಯೆ. ನಾಲ್ಕು ಗೆರೆಗಳ ಪಟ್ಟಿಯ ಸಂಖ್ಯೆಗಳು ಬೇರೆ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಬಳಸಬಾರದು. ಪಟ್ಟಿಯ ಜೊತೆ ಕೊಟ್ಟ ಸೂಚನೆಯನ್ನೂ ನಿಮ್ಮ ತಳಿಗೆ ಆಗಿರುವ ಶಿಫಾರಸನ್ನೂ ಕೇಳಿ ತಿಳಿಯಬೇಕು. ಒಂದು ಸಲಕ್ಕೆ ಹೆಕ್ಟೇರಿಗೆ ಸುಮಾರು 25 ಕೆ.ಜಿ. ಸಾರಜನಕ ಸಾಕು. ಯೂರಿಯದಲ್ಲಿ ಶೇಕಡ 46 ಸಾರಜನಕವಿರುವುದರಿಂದ ಇದು ಎಕರೆಗೆ ಸುಮಾರು 22 ಕೆ.ಜಿ., ಎಂದರೆ 45 ಕೆ.ಜಿ. ಚೀಲದಲ್ಲಿ ಅರ್ಧ. ಒಟ್ಟು ಪ್ರಮಾಣ ನಿಮ್ಮ ವಲಯದ ಶಿಫಾರಸನ್ನು ಮೀರಬಾರದು.

ಎಚ್ಚರಿಕೆ: ಎಲೆ ಹಳದಿಯಾಗಲು ಸತು, ಕಬ್ಬಿಣ ಅಥವಾ ಗಂಧಕದ ಕೊರತೆಯೂ, ರೋಗವೂ ಕಾರಣವಾಗಬಹುದು. ಪಟ್ಟಿ ಇವುಗಳನ್ನು ಬೇರ್ಪಡಿಸಿ ಹೇಳಲಾರದು. ರಂಜಕ, ಪೊಟ್ಯಾಷ್ ಮತ್ತು ಸತುವನ್ನು ಮಣ್ಣು ಪರೀಕ್ಷೆಯ ಆಧಾರದ ಮೇಲೆಯೇ ಕೊಡಬೇಕು.

3. ನೀರು ಹಾಯಿಸುವ ಮೊದಲು: ಗದ್ದೆಯ ತೂತು ಕೊಳವೆ

ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತಿರಲೇಬೇಕೆಂಬುದು ಹಳೆಯ ನಂಬಿಕೆ. ಮೇಲೆ ನೀರು ಕಾಣದಾದೊಡನೆ ರೈತನಿಗೆ ಆತಂಕವಾಗುತ್ತದೆ. ಆದರೆ ನೆಲದ ಮೇಲೆ ನೀರಿಲ್ಲದಿದ್ದರೂ ಬೇರಿನ ಸುತ್ತ ಸಾಕಷ್ಟು ನೀರಿರಬಹುದು. ಅದನ್ನು ನೋಡಲೆಂದೇ ಈ ಕೊಳವೆ.

ಸುಮಾರು 30 ಸೆಂ.ಮೀ. ಉದ್ದ, 10ರಿಂದ 15 ಸೆಂ.ಮೀ. ಅಗಲದ ಪಿವಿಸಿ ಪೈಪಿನ ತುಂಡು ಇದಕ್ಕೆ ಸಾಕು. ದಪ್ಪ ಬಿದಿರಾದರೂ ಆದೀತು. ಕೆಳಗಿನ 15 ಸೆಂ.ಮೀ. ಭಾಗದಲ್ಲಿ ಸುತ್ತಲೂ ಅರ್ಧ ಸೆಂ.ಮೀ. ಅಗಲದ ತೂತುಗಳನ್ನು 2 ಸೆಂ.ಮೀ. ಅಂತರದಲ್ಲಿ ಕೊರೆಯಬೇಕು. ತೂತಿರುವ ಭಾಗವನ್ನು ಮಣ್ಣಿನೊಳಗೆ ಇಳಿಸಿ, ಉಳಿದ 15 ಸೆಂ.ಮೀ. ಮೇಲೆ ಕಾಣುವಂತೆ ನಿಲ್ಲಿಸಬೇಕು. ಒಳಗಿನ ಮಣ್ಣನ್ನು ತಳ ಕಾಣುವವರೆಗೆ ತೆಗೆಯಬೇಕು. ಬದುವಿನಿಂದ ಒಂದು ಮೀಟರಾದರೂ ಒಳಗೆ, ಗದ್ದೆಯ ಸರಾಸರಿ ಮಟ್ಟವಿರುವ ಜಾಗದಲ್ಲಿ ಇಡಬೇಕು. ನೀರು ಹಾಯಿಸಿದಾಗ ಕೊಳವೆಯ ಒಳಗೂ ಹೊರಗೂ ನೀರು ಒಂದೇ ಮಟ್ಟಕ್ಕೆ ಬಾರದಿದ್ದರೆ ತೂತುಗಳು ಮುಚ್ಚಿವೆ ಎಂದರ್ಥ. ತೆಗೆದು ತೊಳೆದು ಮತ್ತೆ ಹೂಳಬೇಕು.

ನಾಟಿಯಾಗಿ ಎರಡು ವಾರ ಕಳೆದ ಮೇಲೆ ಈ ಕ್ರಮವನ್ನು ಆರಂಭಿಸಬಹುದು. ಕಳೆ ಹೆಚ್ಚಿದ್ದರೆ ಅದು ಹತೋಟಿಗೆ ಬರುವವರೆಗೆ ತಡೆಯಬೇಕು. ಕೊಳವೆಯಲ್ಲಿ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಗದ್ದೆಗೆ 5 ಸೆಂ.ಮೀ. ನಿಲ್ಲುವಷ್ಟು ನೀರು ಹಾಯಿಸಬೇಕು. ಅಲ್ಲಿಯವರೆಗೆ ಬೇರಿಗೆ ನೀರು ಸಿಗುತ್ತಿರುತ್ತದೆ, ಇಳುವರಿ ಕುಗ್ಗುವುದಿಲ್ಲ. ಹೂ ಬಿಡುವುದಕ್ಕೆ ಒಂದು ವಾರ ಮೊದಲಿನಿಂದ ಒಂದು ವಾರದ ನಂತರದವರೆಗೆ ಮಾತ್ರ 5 ಸೆಂ.ಮೀ. ನೀರು ನಿಂತಿರಲೇಬೇಕು. ಆಗ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ.

ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಪ್ರಕಾರ ಈ ಕ್ರಮದಿಂದ ಶೇಕಡ 30ರವರೆಗೆ ನೀರು ಉಳಿಯಬಲ್ಲುದು. ಒಂದು ಎಕರೆಯಲ್ಲಿ 5 ಸೆಂ.ಮೀ. ನೀರು ನಿಲ್ಲಿಸುವುದೆಂದರೆ ಸುಮಾರು 2 ಲಕ್ಷ ಲೀಟರು ನೀರು. ಕೊಳವೆಬಾವಿಯವರಿಗೆ ಇದು ಪಂಪು ಓಡುವ ಗಂಟೆಗಳ ಲೆಕ್ಕ. ತುಂಗಭದ್ರಾ, ಭದ್ರಾ, ಕಾವೇರಿ ಅಚ್ಚುಕಟ್ಟುಗಳಲ್ಲಿ ಇದು ನಾಲೆಯ ಕೊನೆಯಲ್ಲಿರುವ ರೈತನ ಬೆಳೆಯ ಪ್ರಶ್ನೆ. ಮೇಲಿನ ಗದ್ದೆಗಳಲ್ಲಿ ಅಗತ್ಯವಿಲ್ಲದೆ ನಿಲ್ಲಿಸಿದ ನೀರೇ ಕೊನೆಯ ತೂಬಿಗೆ ತಲಪದ ನೀರು.

ಎಚ್ಚರಿಕೆ: ಬೇಗನೆ ನೀರು ಬಸಿಯುವ ಮರಳು ಮಣ್ಣಿಗೂ ಮಟ್ಟಸವಿಲ್ಲದ ಗದ್ದೆಗೂ ಈ ಕ್ರಮ ಹೊಂದದು. ಸರದಿಯ ಮೇಲೆ ನೀರು ಬರುವ ಕಡೆ, ಮುಂದಿನ ಸರದಿ ಯಾವಾಗ ಎಂಬುದನ್ನು ನೋಡಿಕೊಂಡೇ ಕಾಯಬೇಕು.

4. ಕಾಳು ಕೂಡಿಟ್ಟ ಮೇಲೆ: ಕೀಟ ಬಲೆ ಕೊಳವೆ

ಚೀಲದ ಹೊರಗೆ ಹುಳು ಹರಿದಾಡುವುದು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಹಾನಿ ಬಹಳಷ್ಟಾಗಿರುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಕೀಟ ಬಲೆ ಕೊಳವೆಯಲ್ಲಿ ಸುಮಾರು 2 ಮಿ.ಮೀ. ಅಗಲದ ತೂತುಗಳಿವೆ. ಸೊಂಡಿಲು ಹುಳು, ಹಿಟ್ಟಿನ ದುಂಬಿ ಮುಂತಾದವು ಕಾಳಿನ ಸಂದಿಯಲ್ಲಿ ಅಲೆಯುತ್ತ, ಗಾಳಿಯಿರುವ ಕಡೆಗೆ ಸರಿದು, ತೂತಿನೊಳಗೆ ನುಗ್ಗಿ ಕೆಳಗಿನ ಬಟ್ಟಲಿಗೆ ಬೀಳುತ್ತವೆ. ಕಾಳು ಒಳಗೆ ಬೀಳುವುದಿಲ್ಲ. ಬಿದ್ದ ಹುಳು ಹತ್ತಿ ಬರಲಾರದು.

ಕೊಳವೆಯನ್ನು ಕಾಳಿನೊಳಗೆ ನೆಟ್ಟಗೆ ಚುಚ್ಚಿಟ್ಟು, ವಾರಕ್ಕೊಮ್ಮೆ ತೆಗೆದು ಬಟ್ಟಲನ್ನು ನೋಡಬೇಕು. ಒಂದೆರಡು ಹುಳು ಸಿಕ್ಕಿದರೂ ಕಾಳನ್ನು ಹೊರತೆಗೆದು ಬಿಸಿಲಿನಲ್ಲಿ ಒಣಗಿಸಿ ಶುಚಿಮಾಡಿ ಇಡಬೇಕು. ಇದು ಹುಳು ಬಂದಿದೆ ಎಂದು ಮುಂಚೆಯೇ ತಿಳಿಸುವ ಸಾಧನ. ಸರಿಯಾಗಿ ಒಣಗದ ಕಾಳನ್ನು ಇದು ಕಾಪಾಡಲಾರದು. ಕಾಳಿನ ಮೇಲ್ಪದರದಲ್ಲಿ ಹಾರಾಡುವ ಪತಂಗಗಳು ಇದಕ್ಕೆ ಸಿಕ್ಕುವುದೂ ಕಡಿಮೆ.

ಉಪಯುಕ್ತ ಸಾಧನ ಯಾವುದು, ಬರಿಯ ಬೆಡಗು ಯಾವುದು?

ವಿಚಿತ್ರವಾಗಿ ಕಂಡದ್ದೆಲ್ಲ ಉಪಯುಕ್ತವೆಂದು ನಂಬುವುದೂ ತಪ್ಪು. ಕಿವಿಗೆ ಕೇಳದ ಧ್ವನಿಯಿಂದ ಇಲಿ, ಕೀಟಗಳನ್ನು ಓಡಿಸುತ್ತದೆಂದು ಮಾರುವ ಯಂತ್ರಗಳನ್ನು ನೋಡಿ. ನೋಟಕ್ಕೆ ಅವು ಎಷ್ಟೋ ಭರ್ಜರಿ. ಆದರೆ 2001ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂತಹ ಯಂತ್ರಗಳ 60ಕ್ಕೂ ಹೆಚ್ಚು ತಯಾರಕರಿಗೆ ಹಾಗೂ ಮಾರಾಟಗಾರರಿಗೆ, ವೈಜ್ಞಾನಿಕ ಆಧಾರವಿಲ್ಲದೆ ಹೀಗೆ ಹೇಳಿಕೊಳ್ಳಬಾರದೆಂದು ಎಚ್ಚರಿಕೆಯ ಪತ್ರ ಬರೆಯಿತು. ಆದುದರಿಂದ ಹೊಸ ಸಾಧನವನ್ನು ನೋಟದಿಂದ ಅಳೆಯದೆ ಈ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು:

1. ಇದು ಏನನ್ನು ಅಳೆಯುತ್ತದೆ ಅಥವಾ ಏನು ಮಾಡುತ್ತದೆ ಎಂದು ಮಾರುವವರು ಒಂದು ಮಾತಿನಲ್ಲಿ ಹೇಳಬಲ್ಲರೆ?
2. ಇದು ತೋರಿಸಿದ್ದನ್ನು ನೋಡಿದ ಮೇಲೆ ನಾನು ಮಾಡುವ ಕೆಲಸ ಬದಲಾಗುತ್ತದೆಯೆ?
3. ಇದು ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನೂ ತಿಳಿಸಿದ್ದಾರೆಯೆ?
4. ನನ್ನ ಗದ್ದೆಯ ಒಂದು ಮಡಿಯಲ್ಲಿ, ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಲು ಸಾಧ್ಯವೆ?

ನಾಲ್ಕಕ್ಕೂ ಒಪ್ಪುವ ಉತ್ತರ ಬಂದರೆ ನಗುವವರು ನಗಲಿ, ಪ್ರಯೋಗ ಮಾಡಬಹುದು.

ಮೊದಲ ವರ್ಷ ಏನು ಮಾಡಬೇಕು?

ಇಡೀ ಜಮೀನಿನಲ್ಲಿ ಒಮ್ಮೆಲೇ ಬದಲಾವಣೆ ಬೇಡ. ಒಂದೇ ತಳಿ, ಒಂದೇ ದಿನ ನಾಟಿಯಾದ ಎರಡು ಮಡಿಗಳನ್ನು ಆರಿಸಿಕೊಳ್ಳಿ. ಒಂದರಲ್ಲಿ ವಾಡಿಕೆಯ ಕ್ರಮ, ಇನ್ನೊಂದರಲ್ಲಿ ಪಟ್ಟಿ ಅಥವಾ ಕೊಳವೆ ಹೇಳಿದ ಕ್ರಮ. ಮೊದಲ ಬೆಳೆಗೆ ಇವೆರಡರಲ್ಲಿ ಒಂದನ್ನೇ ಪರೀಕ್ಷಿಸಿದರೆ ಫಲಿತಾಂಶಕ್ಕೆ ಕಾರಣವೇನೆಂದು ತಿಳಿಯುವುದು ಸುಲಭ. ಗೊಬ್ಬರ ಹಾಕಿದ ತಾರೀಖು ಮತ್ತು ತೂಕ, ನೀರು ಹಾಯಿಸಿದ ಸಲಗಳು, ಔಷಧಿಯ ಖರ್ಚು, ಕಣದಲ್ಲಿ ಸಿಕ್ಕ ಭತ್ತದ ತೂಕ ಇವಿಷ್ಟನ್ನು ಮನೆಯ ಮಕ್ಕಳ ಕೈಯಲ್ಲಿ ಒಂದು ಪುಸ್ತಕದಲ್ಲಿ ಬರೆಸಿಡಿ. ಬೆಳೆ ಬಂದ ಮೇಲೆ ಎರಡು ಮಡಿಗಳ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿ.

ಮೊಟ್ಟೆ ಮನೆಯಲ್ಲಿದೆ, ಕೊಳವೆಯನ್ನು ಒಂದು ಗಂಟೆಯಲ್ಲಿ ಮಾಡಿಕೊಳ್ಳಬಹುದು. ಎಲೆ ಬಣ್ಣದ ಪಟ್ಟಿ ಮತ್ತು ಕೀಟ ಬಲೆ ಕೊಳವೆಗಾಗಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ತಂದ ಪಟ್ಟಿಯನ್ನು ಬಿಸಿಲಿಗೆ ಬಿಡದೆ ಕಾಗದದಲ್ಲಿ ಸುತ್ತಿಡಿ. ಬಣ್ಣ ಮಾಸಿದರೆ ಅದರ ಅಳತೆಯೂ ಕೆಡುತ್ತದೆ.