40ಕ್ಕೆ ಮುಟ್ಟದ ಪ್ರಮಾಣಪತ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ನನ್ನ ಹತ್ತಿರ ಬರುವ ಎಷ್ಟೋ ತಂದೆತಾಯಿಯರ ಕೈಯಲ್ಲಿ 25 ಪರ್ಸೆಂಟ್ ಎಂದು ಬರೆದ ಅಂಗವಿಕಲತೆ ಪ್ರಮಾಣಪತ್ರ ಇರುತ್ತದೆ. 40 ಇಲ್ಲದಿದ್ದರೆ ಪಿಂಚಣಿಯೂ ಇಲ್ಲ, ಮೀಸಲಾತಿಯೂ ಇಲ್ಲ. ಅವರ ಮಗುವೋ ಸಂತೆಗೆ ಕರೆದೊಯ್ದರೆ ಕಿವಿ ಮುಚ್ಚಿಕೊಂಡು ಕಿರುಚುತ್ತದೆ, ಯಾರ ಮುಖವನ್ನೂ ನೋಡುವುದಿಲ್ಲ, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತದೆ. ಫ್ರಜೈಲ್ ಎಕ್ಸ್‌ನಂಥ ವಂಶವಾಹಿ ತೊಂದರೆಯಲ್ಲಿ ಇಂಥ ವರ್ತನೆ ಸಾಮಾನ್ಯ; ತಾಯಿ ಸಾಕಿದ ರೀತಿಯ ತಪ್ಪಲ್ಲ.

ಪ್ರಮಾಣಪತ್ರಕ್ಕೆ ಜೀನ್ ಪರೀಕ್ಷೆಯ ವರದಿ ಒಂದೇ ಸಾಲದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಫ್ರಜೈಲ್ ಎಕ್ಸ್ ಹೆಸರಿಲ್ಲ. ಬುದ್ಧಿಮಾಂದ್ಯತೆ, ಆಟಿಸಂ ಅಥವಾ ಎರಡೂ ಸೇರಿದ ಬಹುವಿಧ ವಿಕಲತೆ ಎಂದು ಪ್ರಮಾಣೀಕರಿಸಬೇಕು.

ಮೋಸ ಹೋಗುವುದು ಇಲ್ಲೇ. ಬುದ್ಧಿಮಾಂದ್ಯತೆಯ ಶೇಕಡಾವಾರು ನಿಲ್ಲುವುದು ವೈನ್‌ಲ್ಯಾಂಡ್ ಅಳತೆಯ ಮೇಲೆ. ಅದರ ಪ್ರಶ್ನೆಗಳಿಗೆ ಉತ್ತರಿಸುವವರು ನೀವು. ಅಂಕ 69 ಬಂದರೆ 50 ಪರ್ಸೆಂಟ್, 70 ಬಂದರೆ 25. ಒಂದೇ ಅಂಕ! "ಎಲ್ಲಾ ಮಾಡ್ತಾನೆ ಸಾರ್" ಎಂದು ನಾಚಿಕೆಗೆ ಹೇಳಿದ ಮಾತು ಕಾಗದಕ್ಕೆ ಹಾಗೇ ಇಳಿಯುತ್ತದೆ. ನೀವು ಪಕ್ಕದಲ್ಲಿ ನಿಂತು ಹೇಳಿಕೊಡದೆ ಮಗು ಏನು ಮಾಡುತ್ತದೆ, ಅಷ್ಟನ್ನೇ ಹೇಳಿ. ಉತ್ಪ್ರೇಕ್ಷೆಯೂ ಬೇಡ. ಮೇಷ್ಟರ ಬರಹ, ಮೊಬೈಲ್ ವಿಡಿಯೋ ಒಯ್ಯಿರಿ.

ಬುದ್ಧಿ ಚುರುಕಿದ್ದು ವರ್ತನೆಯೇ ದೊಡ್ಡ ಕಷ್ಟವಾಗಿದ್ದರೆ ಆಟಿಸಂ ಅಳತೆ ಐಸಾ ಕೂಡ ಮಾಡಿ ಎಂದು ಬರಹದಲ್ಲಿ ಕೇಳಿ. ಅದರಲ್ಲಿರುವುದು 40 ಅಂಶ, ಎರಡು ನಿಮಿಷದಲ್ಲಿ ಮುಗಿಯುವುದಲ್ಲ. ಮಗುವನ್ನು ಎರಡು ನಿಮಿಷ ನೋಡಿ "ಚೆನ್ನಾಗೇ ಇದ್ದಾನಲ್ಲ" ಎಂದು ಕಳಿಸುವ ಅಧಿಕಾರಿಗಳನ್ನು ಕಂಡಿದ್ದೇನೆ. ಸುಮ್ಮನೆ ಎದ್ದು ಬರಬೇಡಿ.

ಅರ್ಜಿ ಯು.ಡಿ.ಐ.ಡಿ. ಪೋರ್ಟಲ್‌ನಲ್ಲಿ, ಶುಲ್ಕವಿಲ್ಲ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗಬೇಕು. "ಪರ್ಸೆಂಟ್ ಹಾಕಿಸಿ ಕೊಡ್ತೀನಿ" ಎನ್ನುವ ದಲ್ಲಾಳಿಯ ಹತ್ತಿರ ಸುಳಿಯಬೇಡಿ. ಸುಳ್ಳು ಪತ್ರದಿಂದ ಸೌಲಭ್ಯ ಪಡೆದರೆ ಅಂಗವಿಕಲರ ಹಕ್ಕುಗಳ ಕಾಯ್ದೆಯ 91ನೇ ಕಲಂ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುವುದು ನೀವು, ಅವನಲ್ಲ. ಮಕ್ಕಳ ಪ್ರಮಾಣಪತ್ರ ಸಾಮಾನ್ಯವಾಗಿ ತಾತ್ಕಾಲಿಕ; ಮುಗಿಯುವ ತಾರೀಖು ನೋಡಿಕೊಳ್ಳಿ, ದಾಟಿದರೆ ಪಿಂಚಣಿ ನಿಲ್ಲಬಹುದು.

ಶಾಲೆಯವರು ಗಲಾಟೆ ಮಾಡುತ್ತಾನೆಂದು ಹೊರಗೆ ಹಾಕುವಂತಿಲ್ಲ. ಎಂಟನೇ ತರಗತಿವರೆಗೆ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಅಡ್ಡ ನಿಲ್ಲುತ್ತದೆ. ಹೊಡೆದರೆ 17. ಬಿ.ಇ.ಒ. ಅವರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಪರ್ಸೆಂಟ್ ಕಡಿಮೆ ಬಂತೆಂದು ಕೈಚೆಲ್ಲಿ ಕೂರಬೇಡಿ. ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಂ ಮೇಲ್ಮನವಿಯ ಹಕ್ಕು ಕೊಟ್ಟಿದೆ. ಆದಷ್ಟು ಬೇಗ ಹಾಕಿ.