ಕೂಲಿ, ಕಾಟಾ, ರಿಜಿಸ್ಟರ್

ಬೆಳಗಾವಿ ಜಿಲ್ಲೆಯ ಸಿರಸಂಗಿ ಕಡೆಯ ಕಬಡ್ಡಿ ಪಂದ್ಯಾವಳಿಯ ಪಾಂಪ್ಲೆಟ್ಟಿನಲ್ಲಿ ಮೇಲೆ ಕಾಳಮ್ಮನ ಚಿತ್ರ, ನಡುವೆ ಬಹುಮಾನದ ರೊಕ್ಕ, ಕೆಳಗೆ ಬಹುಮಾನ ಕೊಟ್ಟವರ ಫೋಟೊಗಳ ಸಾಲು ಇರುತ್ತವೆ. ಅಂಚಿನಲ್ಲಿ, ಕನ್ನಡಕ ಹಾಕಿಕೊಂಡೇ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಇನ್ನೊಂದು ಮಾತು: ಪಂದ್ಯಗಳು ಅಮೆಚೂರ್ ಕಬಡ್ಡಿ ಸಂಸ್ಥೆಯ ನಿಯಮದಂತೆ ನಡೆಯುತ್ತವೆ, ನಿರ್ಣಾಯಕರ ತೀರ್ಮಾನವೇ ಅಂತಿಮ. ಆಡಲು ಬರುವವರ ಕಣ್ಣು ರೊಕ್ಕದ ಸಾಲಿನ ಮೇಲೆ. ಸ್ಕೋರ್ ಬರೆಯುವ ಮೇಜಿನ ಹಿಂದೆ ಕೂತು, ಆಮೇಲೆ ತಾಲ್ಲೂಕಿನ ಸಂಘಟಕರಿಗೆ ಕಾಗದಪತ್ರ ಹೊಂದಿಸಿಕೊಡುತ್ತ ಬಂದ ನನಗೆ ಆ ಅಂಚಿನ ಸಾಲಿನ ಬೆಲೆ ತಿಳಿದದ್ದು ನಿಧಾನಕ್ಕೆ.

ಊರಿನ ಪಂದ್ಯಾವಳಿಗಳು ಬಹಳಷ್ಟು ಸಲ ತೂಕದ ಲೆಕ್ಕದವು: 55 ಕೆಜಿ ಒಳಗಿನವರದು, 65 ಕೆಜಿ ಒಳಗಿನವರದು, ಇಲ್ಲವೇ ಓಪನ್. ರಾಷ್ಟ್ರೀಯ ಫೆಡರೇಷನ್ನಿನ ಕಟ್ಟಳೆ ಬೇರೆ. ಹಿರಿಯ ಪುರುಷರಿಗೆ 85 ಕೆಜಿ, ಮಹಿಳೆಯರಿಗೆ 75. ಜೂನಿಯರ್ ಹುಡುಗರಿಗೆ 20 ವರ್ಷ, 70 ಕೆಜಿ. ಸಬ್ ಜೂನಿಯರ್ ಹುಡುಗರಿಗೆ 16 ವರ್ಷ, 55 ಕೆಜಿ. ಅಂಗಳದ ಅಳತೆಯಲ್ಲಿ ತಂಟೆ ಬರುವುದಿಲ್ಲ. ಗಂಡಸರಿಗೆ 13ಕ್ಕೆ 10 ಮೀಟರ್, ಹೆಣ್ಣುಮಕ್ಕಳಿಗೆ 12ಕ್ಕೆ 8. ಟೇಪು ಹಿಡಿದು ಸುಣ್ಣ ಎಳೆದರೆ ಮುಗಿಯಿತು. ತಂಟೆಯೆಲ್ಲ ತೂಕದ ಕಾಟಾದ ಹತ್ತಿರ.

ಹಿಂದಿನ ರಾತ್ರಿಯಿಂದ ನೀರು ಮುಟ್ಟದ ಹುಡುಗರು ಬರುತ್ತಾರೆ. ಕಾಟಾ ಹತ್ತುವ ಮೊದಲು ಸ್ವೆಟರ್ ಹಾಕಿಕೊಂಡು ಬಿಸಿಲಿನಲ್ಲಿ ಓಡುತ್ತಾರೆ. ಆದರೂ ಮುಳ್ಳು ಕೊಂಚ ಆಚೆ ಹೋಗುತ್ತದೆ.

“ಅಣ್ಣಾರ, ನೂರು ಗ್ರಾಮ್ ಅಷ್ಟ ಐತಿ. ಬಿಡ್ರಿ.”

“ನಿನ್ನ ಬಿಟ್ಟರ ಆ ಕಡಿಯವರನ್ನೂ ಬಿಡಬೇಕಾಗ್ತದೋ ತಮ್ಮಾ. ಹೋಗು, ಇನ್ನೊಂದು ಸುತ್ತು ಓಡಿ ಬಾ.”

ಇದಕ್ಕೆ ಮದ್ದು ಸರಳ. ಕಾಟಾವನ್ನು ಕೋಣೆಯೊಳಗೆ ಇಡಬಾರದು, ಬಯಲಿನಲ್ಲಿ ಇಡಬೇಕು. ಮೊದಲಿಗೆ ಎರಡೂ ತಂಡದ ನಾಯಕರ ಮುಂದೆ ಖಾಲಿ ಕಾಟಾ ಸೊನ್ನೆ ತೋರಿಸುತ್ತದೋ ಇಲ್ಲವೋ ನೋಡಬೇಕು. ತೂಕವನ್ನು ಗಟ್ಟಿಯಾಗಿ ಕೂಗಿ ಬರೆದುಕೊಳ್ಳಬೇಕು. ಕಣ್ಣಾರೆ ಕಂಡ ತೂಕದ ಮೇಲೆ ಯಾರೂ ತಕರಾರು ತೆಗೆಯುವುದಿಲ್ಲ. ಬಾಗಿಲು ಹಾಕಿಕೊಂಡು ತೂಗಿದರೆ ನೆಟ್ಟಗಿದ್ದ ಕಾಟಾವೂ ಸೊಟ್ಟ.

ನಿರ್ಣಾಯಕರ ವಿಷಯವೂ ಇದೇ. ನಿಯಮದ ಪ್ರಕಾರ ಒಂದು ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಬೇಕು. ಊರಿನವನೇ ಅಂಪೈರ್ ಆಗಿ ಬೋನಸ್ ಗೆರೆ ದಾಟಿದ ಕಾಲನ್ನು ಸರಿಯಾಗಿಯೇ ನೋಡಿದರೂ ಎದುರು ಊರಿನವರು ನಂಬುವುದಿಲ್ಲ; ಅವರ ಜಾಗದಲ್ಲಿ ನಾವಿದ್ದರೂ ನಂಬುತ್ತಿರಲಿಲ್ಲ. ಪ್ರಾದೇಶಿಕ ಸಂಸ್ಥೆಯೊಂದು ಕೊಡಬಹುದಾದ ದೊಡ್ಡ ಸಹಾಯವೆಂದರೆ ಆ ಎರಡೂ ಊರಿಗೆ ಸಂಬಂಧವಿಲ್ಲದ, ಪರೀಕ್ಷೆ ಪಾಸಾದ ಮೂರು ಮಂದಿ. ಬಹುಮಾನದ ರೊಕ್ಕ ಕೂಡಿಸುವ ಮೊದಲೇ ಅವರ ಬಸ್ ಚಾರ್ಜು, ಊಟದ ಖರ್ಚು ತೆಗೆದಿಡುವುದನ್ನು ಬುದ್ಧಿವಂತ ಸಂಘಟಕರು ರೂಢಿ ಮಾಡಿಕೊಂಡಿದ್ದಾರೆ. ಫೈನಲ್ ಮುಗಿದ ಮೇಲೆ, ರಾತ್ರಿ ಕಡೆಯ ಬಸ್ಸು ತಪ್ಪಿದ ರೆಫರಿ ಚಾರ್ಜಿಗಾಗಿ ಕಾಯುತ್ತ ನಿಂತರೆ ಮುಂದಿನ ವರ್ಷ ಅವರು ಬರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಗಂಟು ಸಂಸ್ಥೆಯ ಹೆಸರಿನಲ್ಲೇ ಇದೆ. ಕರ್ನಾಟಕ ರಾಜ್ಯ ಅಮೆಚೂರ್ ಕಬಡ್ಡಿ ಸಂಸ್ಥೆ ಇರಲಿ, 1972ರಲ್ಲಿ ಹುಟ್ಟಿದ ಭಾರತ ಅಮೆಚೂರ್ ಕಬಡ್ಡಿ ಫೆಡರೇಷನ್ ಇರಲಿ, ಅಮೆಚೂರ್ ಎನ್ನುವ ಮಾತನ್ನು ಇಂದಿಗೂ ಬಿಟ್ಟಿಲ್ಲ. ಆಟದಿಂದ ಹೊಟ್ಟೆ ಹೊರೆಯದವನ ಆಟ ಎಂಬ ಈ ಆದರ್ಶವನ್ನು ಹಟ ಹಿಡಿದು ಕಾಪಾಡಿದ್ದು ಇಂಗ್ಲೆಂಡಿನ ರಗ್ಬಿ. ಅಲ್ಲಿನ ರಗ್ಬಿ ಫುಟ್‌ಬಾಲ್ ಯೂನಿಯನ್ 1871ರಲ್ಲಿ ಹುಟ್ಟಿತು. 1886ರಲ್ಲಿ ಆಟಗಾರರಿಗೆ ದುಡ್ಡು ಕೊಡಬಾರದೆಂದು ಕಟ್ಟಳೆ ಮಾಡಿತು. ಉತ್ತರದ ಯಾರ್ಕ್‌ಷೈರ್, ಲಂಕಾಷೈರ್‌ನಲ್ಲಿ ಆಡುತ್ತಿದ್ದವರು ಗಣಿ ಮತ್ತು ಗಿರಣಿಯ ಕೆಲಸಗಾರರು. ಶನಿವಾರದ ಪಂದ್ಯಕ್ಕೆ ಹೊರಟರೆ ಅರ್ಧ ದಿನದ ಕೂಲಿ ಹೋಯಿತು. ಸಂಬಳ ಬೇಡ, ಕಳೆದುಕೊಂಡ ಕೂಲಿಯನ್ನಷ್ಟೇ ತುಂಬಿಕೊಡಿ ಎಂದು ಯಾರ್ಕ್‌ಷೈರ್‌ನವರು 1893ರ ಸಭೆಯಲ್ಲಿ ಕೇಳಿದರು. ಸಭೆ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಇಪ್ಪತ್ತಕ್ಕೂ ಹೆಚ್ಚು ಕ್ಲಬ್‌ಗಳು ಬೇರೆ ಒಲೆ ಹೂಡಿದವು. ರಗ್ಬಿ ಲೀಗ್ ಎಂಬ ಇನ್ನೊಂದು ಆಟ ಹುಟ್ಟಿದ್ದು ಹೀಗೆ, ಕೂಲಿಯ ಜಗಳದಿಂದ. ಯೂನಿಯನ್ ಪಂಗಡ ತನ್ನ ಮಡಿ ಬಿಡಲು 1995ರ ಆಗಸ್ಟ್‌ವರೆಗೆ, ಅಂದರೆ ಸರಿಯಾಗಿ ನೂರು ವರ್ಷ ತೆಗೆದುಕೊಂಡಿತು.

ಅದೇ ಕೂಲಿಯ ಲೆಕ್ಕ ಸವದತ್ತಿ ಸೀಮೆಯ ಎರೆ ಹೊಲದಲ್ಲಿ ದಿನವೂ ನಡೆಯುತ್ತದೆ. ಜಿಲ್ಲಾ ತಂಡದ ಆಯ್ಕೆ ಬೆಳಗಾವಿಯಲ್ಲಿ. ಸಿರಸಂಗಿಯಿಂದ ಹೊರಡುವ ಹುಡುಗ ನಸುಕಿನ ಬಸ್ಸು ಹಿಡಿಯಬೇಕು. ಹತ್ತಿ ಬಿಡಿಸುವ ದಿನಗಳಲ್ಲೋ ಕಡಲೆ ಕೀಳುವ ದಿನಗಳಲ್ಲೋ ಆಯ್ಕೆ ಇಟ್ಟರೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ. “ಸೆಲೆಕ್ಷನ್ನಿಗೆ ಹೋದ್ರ ಇವತ್ತಿನ ಪಗಾರ ಯಾರ ಕೊಡ್ತಾರ್ರೀ ಸರ?” ಎಂದು ಒಬ್ಬ ತಾಯಿ ಕೇಳಿದ್ದಕ್ಕೆ ಯಾವ ನಿಯಮ ಪುಸ್ತಕದಲ್ಲೂ ಉತ್ತರವಿರಲಿಲ್ಲ. ಆ ಮನೆಯ ರೇಡರ್ ಆಯ್ಕೆಗೆ ಬರಲಿಲ್ಲ. ಮುಂದೆ ಒಂದು ಜಾತ್ರೆಯ ಪಂದ್ಯಾವಳಿಯಲ್ಲಿ, ರೊಕ್ಕ ಕೊಟ್ಟು ಕರೆಸಿಕೊಂಡ ತಂಡದ ಪರವಾಗಿ, ಜಿಲ್ಲಾ ತಂಡದವನೊಬ್ಬನನ್ನು ಮೂರು ಸಲ ಮುಟ್ಟಿ ಬಂದ. ಹೀಗಾದಾಗ ಜಿಲ್ಲಾ ತಂಡವೆಂದರೆ ಜಿಲ್ಲೆಯ ಒಳ್ಳೆಯ ಆಟಗಾರರು ಎನ್ನುವುದಕ್ಕಿಂತ, ಜಿಲ್ಲೆಯಲ್ಲಿ ಬಿಡುವಿದ್ದ ಆಟಗಾರರು ಎನ್ನುವುದೇ ಸರಿ.

ಕೂಲಿ ತುಂಬಿಕೊಡುವಷ್ಟು ರೊಕ್ಕ ತಾಲ್ಲೂಕು ಮಟ್ಟದಲ್ಲಿ ಇಲ್ಲ. ದಿನ ಬದಲಿಸಲು ಮಾತ್ರ ರೊಕ್ಕ ಬೇಕಿಲ್ಲ. ಕಾಲೇಜು ಹುಡುಗರಿಗೆ ಭಾನುವಾರ ಬಿಡುವು. ಒಕ್ಕಲುತನದ ಮನೆಯವರಿಗೆ ಎತ್ತು ಹೂಡದ ಸೋಮವಾರ, ಅಮಾವಾಸ್ಯೆ. ಭಾನುವಾರ ಸಂಜೆ ಒಂದು ಟ್ರಯಲ್, ಮರುದಿನ ಮುಂಜಾನೆ ಇನ್ನೊಂದು ಇಟ್ಟಾಗ ಹಿಂದೆಂದೂ ಕಾಣದ ಮುಖಗಳು ಅಂಗಳಕ್ಕೆ ಬಂದವು. ಬೆಳಗಾವಿಯಲ್ಲಿ ತಾರೀಖು ಗೊತ್ತುಮಾಡುವವರಿಗೆ ಪಂಚಾಂಗ ನೋಡಿರೆಂದು ಹೇಳಲು ಹೋದರೆ ನಗುತ್ತಾರೆ. ನಗಲಿ.

ಪ್ರಮಾಣಪತ್ರದ ಗೊಂದಲ ಇನ್ನೊಂದು ಬಗೆಯದು. ಹಳ್ಳಿಯ ಹುಡುಗನ ಮುಂದೆ ಮೂರು ದಾರಿಗಳಿವೆ. ಶಾಲೆಯ ದಾರಿಯಲ್ಲಿ 14, 17, 19ರ ವಯೋಮಿತಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ದಸರಾ ಕ್ರೀಡಾಕೂಟದ ದಾರಿ ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿ ಮೈಸೂರು ಮುಟ್ಟುತ್ತದೆ. ಮೂರನೆಯದು ಸಂಸ್ಥೆಯ ದಾರಿ. ಭಾರತ ತಂಡಕ್ಕೆ ಹೋಗುವುದು ಈ ಮೂರನೆಯದರಿಂದಲೇ. ಕಾರ್ಕಳ ಸೀಮೆಯ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ, ಅರ್ಜುನ ಪ್ರಶಸ್ತಿಯ ಬಿ.ಸಿ. ರಮೇಶ್ ಎಲ್ಲರೂ ಈ ದಾರಿಯಲ್ಲೇ ಮೇಲೆ ಹೋದವರು. ಆದ್ದರಿಂದ ಮೇಲಿನ ಮನೆಯಲ್ಲಿ ಜಗಳವಾದರೆ ಕೆಳಗಿನ ಕಾಗದಕ್ಕೂ ಬಿಸಿ ತಟ್ಟುತ್ತದೆ. 2018ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟು ರಾಷ್ಟ್ರೀಯ ಫೆಡರೇಷನ್ನಿನ ಆಡಳಿತವನ್ನು ಬದಿಗಿಟ್ಟು ಆಡಳಿತಾಧಿಕಾರಿಯನ್ನು ಕೂರಿಸಿತು. ಅದೇ ತಿಂಗಳು ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರು ಸೆಮಿಫೈನಲ್ಲಿನಲ್ಲಿ ಇರಾನಿಗೆ ಸೋತರು. ಆಯ್ಕೆ ಸರಿಯಿಲ್ಲವೆಂದು ದೂರಿದವರು ಮತ್ತು ರಾಷ್ಟ್ರೀಯ ತಂಡದ ನಡುವೆ ಸೆಪ್ಟೆಂಬರ್ 15ರಂದು ಪಂದ್ಯವೇ ನಡೆಯಲಿ ಎಂದು ಕೋರ್ಟು ಹೇಳಿತ್ತು. ರಾಷ್ಟ್ರೀಯ ತಂಡ ಬರಲಿಲ್ಲ. ಚುನಾಯಿತ ಮಂಡಳಿಯ ಕೈಗೆ ಅಧಿಕಾರ ಮರಳಿಸಲು ಸುಪ್ರೀಂ ಕೋರ್ಟು ಹೇಳಿದ್ದು 2025ರ ಫೆಬ್ರುವರಿಯಲ್ಲಿ. ಅಷ್ಟೂ ವರ್ಷ ಹುಡುಗರು ಕೇಳುತ್ತಿದ್ದದ್ದು ಒಂದೇ: “ಈ ಸರ್ಟಿಫಿಕೇಟ್ ನಡೀತದೇನ್ರೀ?”

ಸಿರಸಂಗಿಗೆ ಕಾಗದದ ಮಹಿಮೆ ಹೊಸದೇನಲ್ಲ. 1906ರಲ್ಲಿ ತೀರಿಕೊಂಡ ಇಲ್ಲಿನ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಮೃತ್ಯುಪತ್ರ ಬರೆದಿಟ್ಟು ಹೋದರು. ಅದರ ಟ್ರಸ್ಟಿನ ನೆರವಿನಲ್ಲಿ ಎಷ್ಟೋ ಹುಡುಗರು ಓದಿದರು, ಬೆಳಗಾವಿಯಲ್ಲಿ ದೇಸಾಯರ ಹೆಸರಿನ ಕಾಲೇಜು ನಿಂತಿದೆ. ಆಟದ ಸಂಘಗಳಲ್ಲಿ ಈ ಶಿಸ್ತು ಅಪರೂಪ. ನಾನು ಕಂಡ ಒಂದು ಸಂಘದ ದಾಖಲೆಯೆಲ್ಲ ಹಿಂದಿನ ಕಾರ್ಯದರ್ಶಿಯ ಮನೆಯ ಟ್ರಂಕಿನಲ್ಲಿತ್ತು. ಕಾರ್ಯದರ್ಶಿ ಬದಲಾದ, ಟ್ರಂಕು ಅಲ್ಲೇ ಉಳಿಯಿತು. ಆಮೇಲೆ ನಾವು ಆಟಗಾರರ ಹೆಸರು, ಹುಟ್ಟಿದ ತಾರೀಖು, ತೂಕ, ಆಡಿದ ಪಂದ್ಯ, ರೆಫರಿಯ ಸಹಿ ಎಲ್ಲವನ್ನೂ ಎರಡು ರಿಜಿಸ್ಟರಿನಲ್ಲಿ ಬರೆಯತೊಡಗಿದೆವು. ಒಂದು ಕಾರ್ಯದರ್ಶಿಯ ಹತ್ತಿರ, ಇನ್ನೊಂದು ಶಾಲೆಯ ಪಿ.ಇ. ಮಾಸ್ತರರ ಕಪಾಟಿನಲ್ಲಿ. ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗನೊಬ್ಬ ತಾನು ಜೂನಿಯರ್ ಆಡಿದ ವರ್ಷದ ದಾಖಲೆ ಕೇಳಿಕೊಂಡು ಬಂದಾಗ ಮಾಸ್ತರರು ಕಪಾಟು ತೆಗೆದು, ಪುಟ ತಿರುವಿ, ಝೆರಾಕ್ಸ್ ಮಾಡಿಸಲು ಅವನ ಕೈಗೇ ರಿಜಿಸ್ಟರ್ ಕೊಡಲು ಹೊರಟಿದ್ದರು. ಬೇಡ ಮಾಸ್ತರ, ನೀವೂ ಅವನ ಜೊತಿಗೆ ಹೋಗ್ರಿ ಎಂದೆ.